ಪಕ್ಕದವಳಿಗೆ ತಿಳಿಯುವ ತನಕ

"ರಿಸಲ್ಟ್ ಇಲ್ವಾ? ಇನ್‌ಕ್ರಿಮೆಂಟ್ ಕಟ್! ಆಗ ನೋಡಿ, ಗೌರ್ಮೆಂಟ್ ಇಸ್ಕೂಲ್ ಮೇಷ್ಟ್ರುಗಳು ಎಂಗ್ ಪಾಠ ಮಾಡ್ತಾರೆ ಅಂತ!"

ಕಳೆದ ಭಾನುವಾರ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಬರುವ ರೈಲಿನಲ್ಲಿ ಸಫಾರಿ ತೊಟ್ಟ ಮಹಾಶಯರೊಬ್ಬರು ಹೀಗೆ ತೀರ್ಪು ಕೊಡುತ್ತಿದ್ದರು. ಬೋಗಿಗೆ ಬೋಗಿಯೇ ತಲೆಯಾಡಿಸುತ್ತಿತ್ತು. (ರೈಲಿನಲ್ಲಿ ಕೂತರೆ ನಮ್ಮ ಜನ ಬಗೆಹರಿಸಲಾರದ ಸಮಸ್ಯೆಯೇ ಇಲ್ಲ.) ಕಿಟಕಿ ಪಕ್ಕದಲ್ಲಿದ್ದ ನರೆಗೂದಲ ಹೆಂಗಸೊಬ್ಬರು ಮಾತ್ರ ಸೆರಗು ಬಾಯಿಗೊತ್ತಿ ನಗುತ್ತಿದ್ದರು.

ಈ ನಗು ಎಲ್ಲೋ ಕೇಳಿದ್ದೇನಲ್ಲ? ಅಯ್ಯೋ, ನಮ್ಮ ಸರೋಜಮ್ಮ ಟೀಚರ್!

ಕಾಲಿಗೆ ಬೀಳಲು ಹೋದರೆ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. ಅವರು ಯಾಕೆ ನಗುತ್ತಿದ್ದಾರೆಂದು ನನಗೆ ಗೊತ್ತು. ಅವರನ್ನೂ ಒಮ್ಮೆ ಹೀಗೆಯೇ ಅಳೆಯಲು ಬಂದಿದ್ದರು. ಅಳತೆಗೋಲು ಯಾರು ಗೊತ್ತೇ? ನಾನು!

ಎಪ್ಪತ್ತರ ದಶಕ. ಬೇತಮಂಗಲದ ಹತ್ತಿರ ನಮ್ಮ ಹಳ್ಳಿ. ಸರ್ಕಾರಿ ಶಾಲೆಯೆಂದರೆ ಒಂದು ರೂಮು, ನಾಲ್ಕು ಕ್ಲಾಸು, ಒಬ್ಬರೇ ಟೀಚರ್. ಮಕ್ಕಳಲ್ಲಿ ತೆಲುಗು ಮನೆಯವರು, ತಮಿಳು ಮನೆಯವರು, ಕನ್ನಡದವರು ಎಲ್ಲ ಕಲಸುಮೇಲೋಗರ. ಒಬ್ಬರ ಗಂಟಲು ಎಷ್ಟಕ್ಕೆಂದು ಸಾಕಾದೀತು? ಅದಕ್ಕೇ ಟೀಚರ್ ಒಂದು ಕಾನೂನು ಮಾಡಿದ್ದರು. ಉತ್ತರ ಗೊತ್ತಿದ್ದವರು ತಕ್ಷಣ ಕೈ ಎತ್ತುವಂತಿಲ್ಲ. ಮೊದಲು ಪಕ್ಕದವರಿಗೆ, ಅವರ ಮನೆಮಾತಿನಲ್ಲೇ, ತಿಳಿಸಿ ಹೇಳಬೇಕು. ಅವರಿಗೂ ತಿಳಿದ ಮೇಲೆ ಇಬ್ಬರೂ ಒಟ್ಟಿಗೆ ಕೈ ಎತ್ತಬೇಕು.

ನಾನು ಆ ಶಾಲೆಯ ಶತದಡ್ಡಿ. (ವಿನಯವಲ್ಲ, ಊರಿಗೇ ಗೊತ್ತಿದ್ದ ವಿಷಯ.) "ಇಸ್ಕೂಲ್ಗೋಗಿ ಏನ್ ಕಿಸೀತೀಯಾ, ಎಮ್ಮೆ ಒಡ್ಕೊಂಡೋಗು" ಎಂದು ಅವ್ವ ಓಡಿಸುತ್ತಿದ್ದಳು. ತಪ್ಪಿಹೋದ ಪಾಠವನ್ನೆಲ್ಲ ಪಕ್ಕದಲ್ಲಿ ಕೂರುತ್ತಿದ್ದ ಯಲ್ಲಮ್ಮನೇ ನನ್ನ ತಲೆಗೆ ತುಂಬಬೇಕಿತ್ತು.

ಟೀಚರ್ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಅವರಿಗೋ, ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಯಲ್ಲಿ ಕೆಲಸ ಬಿಟ್ಟು ಕೆಮ್ಮುತ್ತ ಮಲಗಿದ್ದ ಅಪ್ಪ, ಓದುವ ತಂಗಿಯರು. ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಿ ಚೆನ್ನಾಗಿ ವರದಿ ಬರೆದರೆ ಕೆಲಸ, ಇಲ್ಲವಾದರೆ ಮನೆ. "ನಾಳೆ ಒಸಿ ಜಾಣರಾಗಿರ್ರಪ್ಪಾ" ಎಂದು ಹಿಂದಿನ ದಿನ ನಮ್ಮನ್ನೇ ಬೇಡಿಕೊಂಡಿದ್ದರು.

ಸಾಹೇಬರು ಬಂದರು. "ಹದಿನೇಳು ಎಂಟ್ಲ ಎಷ್ಟು?" ಎಂದರು.

ಒಂದು ಕೈಯೂ ಏಳಲಿಲ್ಲ! ಎಲ್ಲರೂ ಪಕ್ಕಕ್ಕೆ ತಿರುಗಿ ಗುಸುಗುಸು ಶುರು. ಜಾಣರಾಗಿರಿ ಎಂದಿದ್ದರಲ್ಲ, ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದ್ದೆವು.

"ಏನಮ್ಮಾ ಇದು, ಸ್ಕೂಲೋ ಸಂತೆಯೋ? ನನ್ನೆದುರಿಗೇ ಕಾಪಿ ಹೊಡೀತಾವಲ್ಲ!" ಸಾಹೇಬರು ಪೆನ್ನಿನ ಕ್ಯಾಪ್ ತೆಗೆದರು.

ಟೀಚರ್ ಮುಂದೆ ಬಂದರು. "ಕಾಪಿ ಅಲ್ಲ ಸಾರ್... ಒಬ್ಬರಿಗೊಬ್ಬರು ಹೇಳ್ಕೊಡ್ತಾವ್ರೆ."

"ಹಾಗೋ? ಇದ್ರಲ್ಲಿ ಎಲ್ರಿಗಿಂತ ದಡ್ಡ ಮಗು ಯಾವ್ದು?"

ಟೀಚರ್ ಬೋರ್ಡಿನ ಕಡೆ ತಿರುಗಿಕೊಂಡರು. ಆದರೆ ಇಡೀ ಶಾಲೆ ತಿರುಗಿ ನನ್ನನ್ನು ನೋಡಿತು. (ದ್ರೋಹಿಗಳು!)

ಎದ್ದು ನಿಂತೆ. "ನೂರ ಮೂವತ್ತಾರು ಸಾ."

"ಅದು ಪಕ್ಕದೋಳು ಹೇಳಿದ್ದು. ಹೇಗೆ ಬಂತು, ಅದನ್ನ ಹೇಳು."

ಹೆದರಿಕೆಗೆ ಕನ್ನಡವೇ ಮರೆತುಹೋಯಿತು. "ಪದಿ ಎನಿಮಿದುಲು ಎನಭೈ" ಎಂದು ಮನೆಯ ತೆಲುಗಿನಲ್ಲೇ ಶುರು ಮಾಡಿದೆ. ಹತ್ತೆಂಟಲೆ ಎಂಬತ್ತು, ಏಳೆಂಟಲೆ ಐವತ್ತಾರು, ಎರಡೂ ಕೂಡಿದರೆ ಆಯಿತಲ್ಲ ಎಂದು ಒಪ್ಪಿಸಿದೆ.

"ಸರಿ, ಹದಿನೆಂಟು ಆರ್ಲ?"

ನಾನೇನು ಮಾಡಿದೆ ಗೊತ್ತೇ? ಸಾಹೇಬರಿಗೆ ಬೆನ್ನು ಹಾಕಿ ಕೂತು, "ಮೊದ್ಲು ಅತ್ತಾರ್ಲ ಅರವತ್ತು ಕಣೇ..." ಎಂದು ಯಲ್ಲಮ್ಮನಿಗೇ ಹೇಳಿಕೊಡತೊಡಗಿದೆ! ಅವಳೋ, ಮಹಾತಾಯಿ, ಏನೂ ಅರಿಯದವಳಂತೆ ಹೂಂಗುಟ್ಟಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಕೈ ಎತ್ತಿದೆವು.

ಸಾಹೇಬರು ಜೋರಾಗಿ ನಕ್ಕುಬಿಟ್ಟರು. "ಎಲ್ಲಾ ಸ್ಕೂಲಲ್ಲೂ ಜಾಣ ಮಕ್ಕಳನ್ನೇ ನನ್ನ ಮುಂದೆ ನಿಲ್ಲಿಸ್ತಾರಮ್ಮ. ನಿಮ್ಮ ದಡ್ಡ ಮಗು ಪಾಠ ಮಾಡ್ತಾ ಇದೆ" ಎಂದರು. ಟೀಚರ್ ಕಣ್ಣೊರೆಸಿಕೊಂಡರು. ಕೆಲಸ ಖಾಯಂ ಆಯಿತು.

ರಿಸಲ್ಟ್ ನೋಡಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ನಪಾಸಾಗುವ ಮಗುವನ್ನು ಪರೀಕ್ಷೆಗೇ ಕೂರಿಸದಿದ್ದರೆ ರಿಸಲ್ಟ್ ನೂರಕ್ಕೆ ನೂರು, ಅಲ್ಲವೇ? ಆ ಲೆಕ್ಕದಲ್ಲಿ ನಾನೆಲ್ಲಿರುತ್ತಿದ್ದೆ? ಎಮ್ಮೆ ಹಿಂದೆ! ಇವತ್ತು ನಾಲ್ಕಕ್ಷರ ಬರೆದು ಅನ್ನ ತಿನ್ನುತ್ತಿದ್ದರೆ ಅದು ಸರೋಜಮ್ಮ ಟೀಚರ್ ಹಾಕಿದ ಭಿಕ್ಷೆ. ಕೊನೆಯವಳನ್ನು ಎಬ್ಬಿಸಿ ಕೇಳುವ ಬುದ್ಧಿ ತೋರಿದ ಆ ಸಾಹೇಬರದೂ ಹೌದು. ಅವರು ಎಲ್ಲಿದ್ದರೂ ತಣ್ಣಗಿರಲಿ.

ಇದನ್ನೆಲ್ಲ ಸಫಾರಿಯವರಿಗೆ ಕೇಳಿಸುವಂತೆ ರೈಲಿನಲ್ಲಿ ಜೋರಾಗಿಯೇ ಹೇಳಿದೆ. ಅವರು ಪೇಪರ್ ಬಿಡಿಸಿ ಮುಖಕ್ಕೆ ಹಿಡಿದರು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಟೀಚರ್ ನನ್ನ ಕಿವಿ ಹಿಂಡಿದರು.

"ವಾರವಾರ ಪೇಪರ್ನಲ್ಲಿ ಬರೆಯೋದ್ನ ನೋಡ್ತೀನಿ ಕಣೇ ರತ್ನಿ. ಕೈ ಏನೋ ಜೋರಾಗೇ ಎತ್ತುತೀಯ. ಪಕ್ಕದೋರ್ಗೆ ತಿಳೀತೋ ಇಲ್ವೋ, ಒಂದಿನಾನಾದ್ರೂ ಕೇಳಿದೀಯಾ?"

ಕೇಳಿರಲಿಲ್ಲ. ಈಗ ನಿಮ್ಮನ್ನೇ ಕೇಳುತ್ತಿದ್ದೇನೆ: ತಿಳೀತಾ?