ಖಾಲಿ ಗಾಡಿಯ ತೂಕ

ಚಿಕ್ಕಮುನಿಯಪ್ಪನ ತೂಕ ಹತ್ತು ಹತ್ತು ಕೆಜಿಯಾಗಿ ಇಳಿಯಿತು. ಯಾರ ತೂಕವೂ ಹಾಗೆ ಇಳಿಯುವುದಿಲ್ಲ, ನಿಜ. ಆದರೆ ಅವನು ತನ್ನನ್ನು ತೂಗಿಕೊಳ್ಳುತ್ತಿದ್ದದ್ದು ಲಾರಿ ತೂಗುವ ಕಟ್ಟೆಯ ಮೇಲೆ. ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಯಲ್ಲಿರುವ ಆ ವೇಬ್ರಿಡ್ಜಿನಲ್ಲಿ ಅವನದು ಹತ್ತೊಂಬತ್ತು ವರ್ಷದ ಕೆಲಸ. ಜಲ್ಲಿ, ಎಂ ಸ್ಯಾಂಡು, ಕಬ್ಬಿಣ ಹೊತ್ತ ಲಾರಿಗಳು ಬಂದು ನಿಲ್ಲುತ್ತವೆ, ಅವನು ಗಾಜಿನ ಕಿಟಕಿಯ ಹಿಂದೆ ಕೂತು ಗುಂಡಿ ಒತ್ತುತ್ತಾನೆ, ತೂಕದ ಚೀಟಿ ಹೊರಗೆ ಬರುತ್ತದೆ. ಟನ್ನುಗಟ್ಟಲೆ ಹೊರುವ ಆ ಕಟ್ಟೆಗೆ ಬಿಡಿ ಕೆಜಿಯೆಲ್ಲ ಲೆಕ್ಕಕ್ಕಿಲ್ಲ, ಹತ್ತರ ಮೇಲೆ ಹತ್ತನ್ನಷ್ಟೇ ತೋರಿಸುತ್ತದೆ. ಲಾರಿಯಿಲ್ಲದ ಹೊತ್ತಿನಲ್ಲಿ ಅವನು ಅದರ ನಟ್ಟನಡುವೆ ಹೋಗಿ ನಿಂತು ಕೆಂಪು ಅಂಕಿಯನ್ನು ನೋಡುತ್ತಿದ್ದ. ಯುಗಾದಿಗೆ ತೊಂಬತ್ತು, ಆಷಾಢಕ್ಕೆ ಎಂಬತ್ತು, ಗೌರಿ ಹಬ್ಬ ಬರುವುದರೊಳಗೆ ಎಪ್ಪತ್ತು.

ಯುಗಾದಿಯಿಂದಲೇ ಹೇಳಬೇಕು. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಅವನು ಕುಡಿದಿದ್ದ. ಯಾಕೆ ಎಂದು ಕೇಳಬೇಡಿ. ದುಃಖಕ್ಕೆ ಕುಡಿಯುವವರಿದ್ದಾರೆ, ಸಂತೋಷಕ್ಕೆ ಕುಡಿಯುವವರಿದ್ದಾರೆ. ಇವನು ಸಂಜೆಯಾಯಿತೆಂದು ಕುಡಿಯುತ್ತಿದ್ದ. ಹೊಡೆದು ಬಡಿದು ಮಾಡಿದವನಲ್ಲ. ಆದರೆ ಕೊಡಿಗೇಹಳ್ಳಿಯ ಹಳೇ ಮನೆಯ ಜಗಲಿಯಿಂದ ಅವನನ್ನು ದಿನಾ ಎಳೆದು ತಂದು ಒಳಗೆ ಮಲಗಿಸಿ ಹೆಂಡತಿ ವೆಂಕಟಲಕ್ಷ್ಮಮ್ಮನ ಸೊಂಟ ಹೋಗಿತ್ತು, ಮಾತೂ ಕಮ್ಮಿಯಾಗಿತ್ತು. ಒಬ್ಬಳೇ ಮಗಳು ನಯನಾಳನ್ನು ಸಿಂಗಾಪುರಕ್ಕೆ ಕೊಟ್ಟಿದ್ದರು. ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ವಿದ್ಯಾರಣ್ಯಪುರದ ಮಗ್ಗುಲಿನದು. ಬಸ್ಸು ಹತ್ತಿದರೆ ಅರ್ಧ ಗಂಟೆ. ಅಷ್ಟು ಹತ್ತಿರವಿದ್ದೂ ಅವಳು ತನ್ನ ಎರಡು ವರ್ಷದ ಮಗುವನ್ನು ತವರಿಗೆ ಕರೆತರುತ್ತಿದ್ದದ್ದು ಬೆಳಗಿನ ಹೊತ್ತು ಮಾತ್ರ. ಸಂಜೆಯೊಳಗೆ ಎದ್ದು ಹೊರಟುಬಿಡುತ್ತಿದ್ದಳು.

ಬಿಟ್ಟದ್ದು ಹೊಸತೊಡಕಿನ ದಿನ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಮನೆಮನೆಯಲ್ಲೂ ಮಟನ್ನು, ಗಂಡಸರ ಮಗ್ಗುಲಲ್ಲಿ ಬಾಟಲಿ. ಆ ದಿನ ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ ಬೇರೆ. ಊಟಕ್ಕೆ ಕೂತ ಚಿಕ್ಕಮುನಿಯಪ್ಪನಿಗೆ ಥಟ್ಟನೆ ಹೊಳೆಯಿತು. ಇಪ್ಪತ್ತಾರು ಹೊಸತೊಡಕಿಗೂ ಕುಡಿದೆ, ಅದಕ್ಕೇ ಇಪ್ಪತ್ತಾರು ವರ್ಷವೂ ಕುಡಿದೆ. ಇವತ್ತೊಂದು ದಿನ ತಪ್ಪಿಸಿದರೆ? ಇಷ್ಟು ಸಲೀಸಾದ ಉಪಾಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೆಂದು ಅವನಿಗೇ ನಗು ಬಂತು. ಲೋಟ ಪಕ್ಕಕ್ಕೆ ಸರಿಸಿ ಮುದ್ದೆ ಮುರಿದ. ಆಮೇಲಿನ ವಾರದಲ್ಲಿ ನಗುವಂಥದ್ದೇನೂ ಇರಲಿಲ್ಲ. ಕೈಕಾಲು ನಡುಗಿ, ಬೆವರಿ, ಗೋಡೆಯ ಮೇಲೆ ಇಲ್ಲದ ಹಲ್ಲಿಗಳನ್ನು ಕಂಡು ಕಂಬಳಿಯೊಳಗೆ ಮುದುರಿಕೊಂಡಿದ್ದ. ಎಂಟನೆಯ ದಿನ ಎದ್ದು ಸ್ನಾನ ಮಾಡಿ ಕೆಲಸಕ್ಕೆ ಹೋದ. ಸಂಜೆ ನೆಟ್ಟಗೆ ಮನೆಗೆ ಬಂದ.

ಮೊದಲು ಹೊಟ್ಟೆ ಇಳಿಯಿತು. ಎಲ್ಲರೂ ಭೇಷ್ ಎಂದರು. ಆಮೇಲೆ ಕೆನ್ನೆ ಇಳಿಯಿತು, ತೋಳು ಇಳಿಯಿತು, ಪ್ಯಾಂಟಿಗೆ ಬೆಲ್ಟು ಸಾಲದೆ ದಾರ ಬಂತು, ಭೇಷ್ ಎಂದವರು ಓರೆಗಣ್ಣಿನಲ್ಲಿ ನೋಡತೊಡಗಿದರು. ಚಿಕ್ಕಮುನಿಯಪ್ಪ ಮಾತ್ರ ಹೆದರಲಿಲ್ಲ. ಲಾರಿಗೆ ಎರಡು ತೂಕ ಎಂಬುದು ಅವನ ಕಸುಬಿನ ಮೊದಲ ಪಾಠ: ಲೋಡಿನ ತೂಕ, ಖಾಲಿ ಗಾಡಿಯ ತೂಕ. ಇಷ್ಟು ವರ್ಷ ಹೊತ್ತದ್ದು ಬ್ರಾಂದಿಯ ಲೋಡು, ಅದೀಗ ಇಳಿಯುತ್ತಿದೆ, ಎಲ್ಲ ಇಳಿದ ಮೇಲೆ ಉಳಿಯುವುದೇ ನನ್ನ ಅಸಲು ತೂಕ ಎಂದುಕೊಂಡ. ಹಗಲುಗಳು ಮೆತ್ತಗಾಗಿದ್ದವು. ದೂರದ ಲಾರಿಗಳು ಮಂಜಿನೊಳಗಿಂದ ಬರುವಂತೆ ಬರುತ್ತಿದ್ದವು, ಹತ್ತಿರ ಬಂದರೂ ಅವುಗಳ ಅಂಚು ಗಟ್ಟಿಯಾಗುತ್ತಿರಲಿಲ್ಲ. ಕೆಂಪು ಅಂಕಿಗಳು ನೀರಿನಲ್ಲಿ ಬಿದ್ದ ದೀಪದಂತೆ ಅಲುಗುತ್ತಿದ್ದವು. ನಡೆದರೆ ಕಾಲು ನೆಲಕ್ಕೆ ತಾಗಿದ್ದೇ ತಿಳಿಯುತ್ತಿರಲಿಲ್ಲ. ಕುಡಿಯದವರ ಲೋಕ ಇಷ್ಟು ಹಗುರವಾಗಿರುತ್ತದೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಸೋಜಿಗ, ಒಳಗೊಳಗೇ ಖುಷಿ.

ಜೊತೆಗೆ ಬಾಯಾರಿಕೆ. ಬಿಂದಿಗೆ ನೀರು ಒಬ್ಬನೇ ಮುಗಿಸುತ್ತಿದ್ದ, ಗಳಿಗೆಗೊಮ್ಮೆ ವೇಬ್ರಿಡ್ಜಿನ ಕಾಂಪೌಂಡಿನ ಮೂಲೆಗೆ ಓಡುತ್ತಿದ್ದ. ಆ ನೀರಿನ ದಾಹ ವೆಂಕಟಲಕ್ಷ್ಮಮ್ಮನಿಗೆ ಗೊತ್ತಿದ್ದದ್ದೇ. ರಾತ್ರಿ ಕುಡಿದವನು ಬೆಳಿಗ್ಗೆ ಹೀಗೇ ನೀರು ಬೇಡುತ್ತಾನೆ. ಗೌರಿ ಹಬ್ಬವಾದ ವಾರ ಅವಳು ಅನ್ನ ಬಡಿಸಲು ಬಗ್ಗಿದಾಗ ಅವನ ಬಾಯಿಂದ ವಾಸನೆ ಬಂತು. ಕೊಳೆತ ಬಾಳೆಹಣ್ಣಿನಂಥ, ಸಿಹಿ ಹುಳಿ ಬೆರೆತ ವಾಸನೆ. ಇಪ್ಪತ್ತಾರು ವರ್ಷ ಅವಳ ಮೂಗಿಗೆ ಅದೊಂದೇ ಕೆಲಸವಾಗಿತ್ತು. ಬಾಗಿಲಲ್ಲಿ ನಿಂತವನು ಕ್ವಾರ್ಟರೋ ಅರ್ಧವೋ ಎಂದು ಅಡುಗೆಮನೆಯಿಂದಲೇ ಹೇಳುತ್ತಿತ್ತು.

"ಎಲ್ ಕುಡುದ್ರಿ?" ಎಂದಳು.

"ಕುಡ್ದಿಲ್ಲ ಕಣೇ."

"ಕುಡುಕನ್ ಮಾತು ಬೆಳಗಾದ್ರೆ ಓಯ್ತು ಅಂತಾರೆ. ನಿಮ್ದು ಆರು ತಿಂಗ್ಳಾದ್ರೂ ಬಂತಲ್ಲ, ಅದೇ ದೊಡ್ದು."

ಅವಳು ಕೂಗಾಡಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. ಕುಡಿದ ದಿನಗಳಲ್ಲಿ ಕುಡಿದಿಲ್ಲವೆಂದು ಸುಳ್ಳು ಹೇಳಿದಾಗ ನಂಬಿದಂತೆ ನಟಿಸುತ್ತಿದ್ದವಳು, ನಿಜ ಹೇಳುವಾಗ ನಂಬಲಿಲ್ಲ. ಆವತ್ತಿನಿಂದ ದಿನಾ ಸಂಜೆ ಹೊಸ್ತಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಿದ್ದಳು, ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದಳು. ಅವನು ಏಲಕ್ಕಿ ಅಗಿದು ಬಂದರೆ ಅದೂ ಹಳೇ ಕಳ್ಳಾಟವೆಂದಾಯಿತು. ಅವನಿಗೆ ಬೇಕಾದದ್ದು ಇಷ್ಟೇ, ಈ ಒಬ್ಬಳು ನಂಬಬೇಕು. ಊರು ಏನು ಬೇಕಾದರೂ ಅಂದುಕೊಳ್ಳಲಿ.

ಕೊನೆಗೆ ಅವನೇ, "ಮುನೇಶ್ವರನ್ ಮುಂದೆ ಕರ್ಪೂರ ಆರುಸ್ತೀನಿ, ನಡಿ," ಎಂದ.

ಆ ಮಾತನ್ನು ಅಲ್ಲಿಯ ಹಳೇ ಮನೆತನದವರು ಸುಮ್ಮಸುಮ್ಮನೆ ಆಡುವುದಿಲ್ಲ. ಪಿತೃಪಕ್ಷದ ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಹೋದರು. ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ಬೇವಿನ ಮರ, ಅದರ ಬುಡದಲ್ಲಿ ಮುನೇಶ್ವರ. ಉರಿಯುವ ಕರ್ಪೂರವನ್ನು ಅಂಗೈ ಬಡಿದು ಆರಿಸಿ ಚಿಕ್ಕಮುನಿಯಪ್ಪ ಪ್ರಮಾಣ ಹೇಳಿದ: "ಹೊಸತೊಡಕಿಂದ ಇಲ್ಲೀಗಂಟ ಒಂದ್ ತೊಟ್ಟು ಮುಟ್ಟಿದ್ರೆ, ಈ ಕರ್ಪೂರ ಕರಗಿದಂಗೆ ನನ್ ಮೈ ಕರಗೋಗ್ಲಿ."

ಬೇರೆ ಏನಾದರೂ ಹೇಳಬಾರದಿತ್ತೇ! ಕಣ್ಣು ಹೋಗಲಿ, ಕೈ ಬಿದ್ದುಹೋಗಲಿ ಎಂದಿದ್ದರೆ ಪಾರಾಗುತ್ತಿದ್ದ. ಅಂದು ಸಂಜೆಯೂ ಬಾಯಲ್ಲಿ ಅದೇ ವಾಸನೆ ಬಂತು, ಮೈಯಂತೂ ದಿನದಿನಕ್ಕೂ ಕರಗಿತು. ವೆಂಕಟಲಕ್ಷ್ಮಮ್ಮ ಬಾಯಿ ಮೂಸುವುದನ್ನೇ ಬಿಟ್ಟಳು. ಅವಳಿಗೀಗ ಸಿಟ್ಟು ಹೋಗಿ ಭಯ ಹಿಡಿದಿತ್ತು. ಸುಳ್ಳು ಪ್ರಮಾಣ ಮಾಡಿದವನನ್ನು ದೇವರು ಕಣ್ಣೆದುರೇ ತಿನ್ನುತ್ತಿದ್ದಾನೆ. ಕೇಳುವುದು ಯಾರನ್ನು? ಬೇವಿನ ಮರಕ್ಕೆ ಹೋಗಿ ತಪ್ಪುಕಾಣಿಕೆ ಕಟ್ಟಿ ಬಂದಳು. ಡಾಕ್ಟರ ಹತ್ತಿರ ಹೋಗೋಣವೆಂದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ದೇವರ ಕೋಪಕ್ಕೆ ಮಾತ್ರೆ ಎಲ್ಲಿದೆ?

ಆಯುಧಪೂಜೆಗೆ ಅವನು ವೇಬ್ರಿಡ್ಜಿಗೆ ಬಾಳೆಕಂದು ಕಟ್ಟಿ, ಮೊಮ್ಮಗಳಿಗೆಂದು ಬಣ್ಣದ ಬಲೂನು ಊದಿಟ್ಟು ಕಾದ. ನಯನಾ ಬರಲಿಲ್ಲ. ಮಗುವಿಗೆ ಜ್ವರವಂತೆ ಎಂದಳು ವೆಂಕಟಲಕ್ಷ್ಮಮ್ಮ. ಅಂದು ಕಟ್ಟೆಯ ಮೇಲೆ ನಿಂತರೆ ಅರವತ್ತು.

ಆಮೇಲೆ ಕನಸುಗಳು ಶುರುವಾದವು. ಮಧ್ಯಾಹ್ನ ಊಟವಾಗಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಅಲ್ಲಾಳಸಂದ್ರದ ಕೆರೆಯ ದಂಡೆಯಲ್ಲಿರುತ್ತಿದ್ದ. ಕೆರೆಯ ತುಂಬ ನೀರಿಲ್ಲ, ಚಹಾದ ಬಣ್ಣದ ಬ್ರಾಂದಿ, ಸಣ್ಣಗೆ ಅಲೆ. ಅವನು ಬೋರಲು ಮಲಗಿ ಬಾಯಿ ಇಟ್ಟು ಕುಡಿಯುತ್ತಿದ್ದ. ಎಷ್ಟು ಕುಡಿದರೂ ದಾಹ ತೀರುತ್ತಿರಲಿಲ್ಲ, ಕೆರೆಯೂ ಇಳಿಯುತ್ತಿರಲಿಲ್ಲ. ಆಚೆ ದಡದಲ್ಲಿ ಅವನ ಅಪ್ಪ ನೊಗ ಬಿಚ್ಚಿದ ಎತ್ತುಗಳಿಗೆ ಮೈ ತೊಳೆಯುತ್ತ, ಕಂಡೂ ಕಾಣದವನಂತೆ ಇರುತ್ತಿದ್ದ. ಬೆಳ್ಳಕ್ಕಿಗಳು ಒಂದೊಂದಾಗಿ ಬಂದು ಬೋರಲು ಮಲಗಿದ ಇವನ ಬೆನ್ನ ಮೇಲೆ ಕೂರುತ್ತಿದ್ದವು. ಅವಕ್ಕೆ ತೂಕವೇ ಇರಲಿಲ್ಲ. ಲಾರಿಯ ಹಾರನ್ನಿಗೆ ಎಚ್ಚರಾದರೆ ನಾಲಗೆ ಅಂಗುಳಿಗೆ ಅಂಟಿರುತ್ತಿತ್ತು, ಬಾಯಲ್ಲಿ ನಿಜವಾಗಿಯೂ ಏನೋ ಸಿಹಿ. ತನ್ನ ಮೇಲೇ ಅವನಿಗೆ ಅನುಮಾನ ಬಂತು. ಕನಸಿನಲ್ಲಿ ಕುಡಿದದ್ದು ಮುನೇಶ್ವರನ ಲೆಕ್ಕಕ್ಕೆ ಸೇರುತ್ತದೆಯೇ?

ಒಂದು ಸಂಜೆ ಹೆಂಡತಿಯ ಮುಂದೆ ಹೇಳಿಬಿಟ್ಟ. "ಕುಡೀತಾ ಇವ್ನಿ ಕಣೇ. ಕನಸಲ್ಲಿ."

ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಅವನನ್ನೇ ನೋಡಿದಳು. ಕೆನ್ನೆಯ ಮೂಳೆ, ಕತ್ತಿನ ನರ, ಅಂಗಿಯೊಳಗೆ ಎಲ್ಲೋ ಇದ್ದ ಮೈ.

"ಕನಸಲ್ ಕುಡುದ್ರೆ ಬಾಯ್ ನಾರ್ತದಾ?" ಎಂದಳು. ಅವಳಿಗೆ ಅದು ಪ್ರಶ್ನೆಯೇ ಆಗಿತ್ತು, ಚುಚ್ಚುಮಾತಲ್ಲ. ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಉತ್ತರದ ದಾರಿ ತೋರಿಸಿದವನು ಆತಿಫ್. ಥಣಿಸಂದ್ರದ ಕಡೆಯ ಲಾರಿ ಡ್ರೈವರು, ವಾರಕ್ಕೆ ನಾಲ್ಕು ಸಲ ಜಲ್ಲಿ ತೂಗಿಸಲು ಬರುವವನು. ದೀಪಾವಳಿಗೆ ಇನ್ನು ನಾಲ್ಕು ದಿನವಿತ್ತು. ಅವನು ಗಾಡಿ ತಂದಾಗ ಚಿಕ್ಕಮುನಿಯಪ್ಪ ಕಟ್ಟೆಯ ಮೇಲೆ ನಿಂತಿದ್ದ, ಅಂಕಿ ಐವತ್ತಕ್ಕೆ ಇಳಿದಿತ್ತು.

"ಏನಣ್ಣ ಇದು?" ಎಂದು ಆತಿಫ್ ಇಳಿದು ಬಂದ.

"ಲೋಡ್ ಇಳೀತಾ ಅದೆ ಆತಿಫಾ. ಇದು ಖಾಲಿ ಗಾಡಿ ತೂಕ."

ಆತಿಫ್ ನಗಲಿಲ್ಲ. "ಓದ್ ವರ್ಷ ನನ್ ಗಾಡಿ ಖಾಲಿ ತೂಕ ನೂರು ಕೆಜಿ ಕಮ್ಮಿ ಬಂದಾಗ ನೀವ್ ಏನ್ ಮಾಡಿದ್ರಿ? ಚೀಟಿ ಕೊಡ್ಲಿಲ್ಲ. ಖಾಲಿ ಗಾಡಿ ತೂಕ ಅಂಗೆಲ್ಲ ಇಳಿಯಲ್ಲ, ಏನೋ ಕಳಚ್ಕೊಂಡಿದೆ ನೋಡು ಅಂದ್ರಿ. ನೋಡಿದ್ರೆ ಸ್ಟೆಪ್ನಿನೇ ಬಿದ್ದೋಗಿತ್ತು. ಅಲ್ವಾ?"

ಚಿಕ್ಕಮುನಿಯಪ್ಪ ಕೆಂಪು ಅಂಕಿಯನ್ನು ಇನ್ನೊಮ್ಮೆ ನೋಡಿದ. ತನ್ನ ಕಸುಬಿನ ಮಾತೇ ತನಗೆ ಮರೆತುಹೋಗಿತ್ತು. ಆತಿಫ್ ಅವನ ತೋಳು ಹಿಡಿದು ಕಾಂಪೌಂಡಿನ ಮೂಲೆಗೆ ನಡೆಸಿಕೊಂಡು ಹೋದ. ಚಿಕ್ಕಮುನಿಯಪ್ಪ ದಿನಾ ಉಚ್ಚೆ ಹೊಯ್ಯುವ ಗೋಡೆಯ ಬುಡದಲ್ಲಿ ಕಪ್ಪಿರುವೆಗಳ ಸಾಲು. ಹಬ್ಬದ ಮನೆಯ ಅಡುಗೆ ಕೋಣೆಯಲ್ಲೂ ಅಷ್ಟು ಇರುವೆ ಇರುವುದಿಲ್ಲ.

"ನಮ್ ಅಮ್ಮಂಗೂ ಇಂಗೇ ಆಗಿತ್ತಣ್ಣ. ಶುಗರ್ರು. ಬನ್ನಿ, ಅತ್ತಿಗೇನ ಕರ್ಕೊಂಡು ಈಗ್ಲೇ ಹೋಗಣ."

ಜಲ್ಲಿಯನ್ನು ಅಲ್ಲೇ ಬಿಟ್ಟು ಆಟೋ ಹಿಡಿದರು. ಕೊಡಿಗೇಹಳ್ಳಿಯಲ್ಲಿ ವೆಂಕಟಲಕ್ಷ್ಮಮ್ಮನನ್ನು ಹತ್ತಿಸಿಕೊಂಡು ಸಣ್ಣದೊಂದು ನರ್ಸಿಂಗ್ ಹೋಮಿಗೆ ಬಂದಾಗ ಅವನಿಗೆ ಬೀದಿ, ಜನ, ಮೆಟ್ಟಿಲು ಎಲ್ಲ ತೇಲುತ್ತಿದ್ದಂತೆ ಕಂಡವು. ಅಲ್ಲಿದ್ದವರು ಸ್ನೇಹಾ ಎಂಬ ಧಾರವಾಡದ ಡಾಕ್ಟರು. ಬೆರಳು ಚುಚ್ಚಿ ನೋಡಿದರು, ಮೂತ್ರ ನೋಡಿದರು. ಅವನನ್ನು ಮಲಗಿಸಿ ಕೈಗೆ ಸಲೈನು ಹಾಕಿದ ಮೇಲೆಯೇ ಮಾತಾಡಿದ್ದು.

"ಸಕ್ಕರಿ ಭಾಳ ಏರೇದ್ರಿ. ಇನ್ನೆರಡ ದಿನ ಬಿಟ್ಟಿದ್ರ ಕಷ್ಟ ಇತ್ತು. ಮೊದಲ ಕುಡದದ್ದು ಹೊಟ್ಟಿ ಒಳಗ ಹಾನಿ ಮಾಡೇದ, ಅದಕ್ಕ ಉಂಡದ್ದು ಮೈಗೆ ಹತ್ತವಲ್ದು. ಇನ್ಮ್ಯಾಲ ದಿನಾ ಇನ್ಸುಲಿನ್ ತಗೋಬೇಕು."

ವೆಂಕಟಲಕ್ಷ್ಮಮ್ಮ ಇದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. "ಬಾಯಲ್ಲಿ ವಾಸ್ನೆ ಬತ್ತದಲ್ಲ ಡಾಕ್ಟ್ರೇ, ಅದು?"

"ಅದೂ ಇದರಿಂದನ. ಉಂಡದ್ದು ಹತ್ತಲಿಲ್ಲಂದ್ರ ಮೈ ತನ್ನ ಕೊಬ್ಬು ತಾನ ಸುಡ್ತದ. ಆವಾಗ ಹಿಂಗ ವಾಸನಿ ಬರ್ತದ. ಭಾಳ ಮಂದಿ ಕುಡದಾರ ಅಂತ ತಿಳಕೋತಾರ."

ಅವಳು ಮಂಚದ ಕಂಬಿ ಹಿಡಿದುಕೊಂಡಳು. "ಗೌರಿ ಹಬ್ಬ ಆದ್ ವಾರ ಮೊದಲ್ನೇ ಸಲ ಬಂತು. ಅವತ್ತೂ ಇದೇನಾ?"

"ಹೌದ್ರಿ, ಇದ ಇರಬೇಕು."

"ಅಮಾಸೆ ದಿನ? ಕರ್ಪೂರ ಆರ್ಸಿ ಮನೆಗ್ ಬಂದ್ಮೇಲೆ?"

ಡಾಕ್ಟರಿಗೆ ಕರ್ಪೂರದ ವಿಷಯ ಗೊತ್ತಿರಲಿಲ್ಲ. ಆದರೂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ಹೌದ್ರಿ," ಎಂದರು.

"ಮೊನ್ನೆ ಗೃಹಪ್ರವೇಶದ್ ಮನೇಲಿ ಬಾಯ್ ನಾರ್ತದೆ ಅಂತ ನಾನೇ ಇವ್ರನ್ನ ಪಂಕ್ತಿಯಿಂದ ಎಬ್ಬುಸ್ಕೊಂಡ್ ಬಂದ್ನಲ್ಲ, ಅವತ್ತು?"

"ಅವತ್ತೂ."

ಹಾಸಿಗೆಯಲ್ಲಿದ್ದ ಚಿಕ್ಕಮುನಿಯಪ್ಪ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ಒಂದೊಂದು ಹೌದಿಗೂ ಎದೆಯ ಮೇಲಿಂದ ಏನನ್ನೋ ಎತ್ತಿದಂತಾಗುತ್ತಿತ್ತು. ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಆಮೇಲೆ ಅವಳ ದನಿ ತಗ್ಗಿತು.

"ಆಯುಧಪೂಜೆಗ್ ಒಂದಿನ ಮುಂಚೆ ನಯನಾ ಫೋನ್ ಮಾಡಿದ್ಲು. ಅಪ್ಪ ಕುಡಿಯಾದ್ ಬಿಟ್ಟವ್ರಂತಲ್ಲ, ಈ ಸಲ ಮಗೀನ ಕರ್ಕೊಂಡ್ ಬಂದು ನಾಕ್ ದಿನ ಉಳ್ಕತೀನಿ ಅಂದ್ಲು. ನಾನೇ ಬರ್ಬ್ಯಾಡ ಅಂದೆ. ತಿರ್ಗಾ ಶುರು ಮಾಡವ್ರೆ ಅಂದೆ. ಜ್ವರ ಅಂತ ನಿಮ್ಗೆ ಸುಳ್ಳೇಳ್ದೆ."

ಡಾಕ್ಟರು ಮತ್ತೆ ಪೆನ್ನು ಎತ್ತಿಕೊಂಡರು. ಅದು ಅವರನ್ನು ಕೇಳಿದ್ದಲ್ಲ.

ಚಿಕ್ಕಮುನಿಯಪ್ಪ ಕಣ್ಣು ಬಿಟ್ಟ. ಸಿಟ್ಟು ಬಂದದ್ದು ನಿಜ. ನಾಲ್ಕು ದಿನ ಉಳಿಯುತ್ತೇನೆಂದು ಆ ಹುಡುಗಿ ತಾನಾಗಿ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಬೈಯಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿದ. ಇಪ್ಪತ್ತಾರು ವರ್ಷ ಕೂರಿಸಿಕೊಂಡು ಆ ಮೂಗಿಗೆ ಪಾಠ ಹೇಳಿದವನು ತಾನೇ ಅಲ್ಲವೇ? ಕಲಿತದ್ದನ್ನು ಅವಳು ಒಪ್ಪಿಸಿದ್ದಳು, ಅಷ್ಟೇ.

"ಈಗ್ ಮಾಡು ಫೋನು," ಎಂದ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಫೋನು ಕಿವಿಗೆ ಹಿಡಿದಳು. "ನಯನಾ, ನಿಮ್ಮಪ್ಪ ಕುಡ್ದಿಲ್ಲ ಕಣಮ್ಮ. ಹೊಸತೊಡಕಿಂದ ಒಂದಿನಾನೂ ಕುಡ್ದಿಲ್ಲ. ಡಾಕ್ಟ್ರೇ ಯೋಳವ್ರೆ. ಮಗೀನ ಕರ್ಕೊಂಡ್ ಬಾ." ಆಚೆಯಿಂದ ಮಗಳು ಏನೋ ಕೇಳಿದಳು. ವೆಂಕಟಲಕ್ಷ್ಮಮ್ಮ ಅದಕ್ಕೂ, "ಕುಡ್ದಿಲ್ಲ ಕಣಮ್ಮ, ನಾನೇ ತಪ್ಪು ತಿಳ್ಕಂಡಿದ್ದೆ," ಎಂದು ಮತ್ತೆ ಅದನ್ನೇ ಹೇಳಿದಳು, ಮೂರನೆಯ ಸಲವೂ ಹೇಳಿದಳು, ಅಳು ತಡೆಯಲಾಗದೆ ಫೋನು ಇಟ್ಟಳು. ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾನೆಂದು ಹೇಳುವುದೇ ಮರೆತಿತ್ತು.