ರವಿವಾರದ ಸಾಕ್ಷಿ

ರೋಣದಿಂದ ನರೇಗಲ್ ಕಡೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವಿನ ಒಂದು ಸಣ್ಣ ಹಳ್ಳಿ. ಅಲ್ಲಿ ಕ್ರೈಸ್ತರದು ಒಂದೇ ಮನೆ. ಗೌಂಡಿ ಕೆಲಸದ ದೇವದಾನಪ್ಪ ಮತ್ತು ಅವನ ಹೆಂಡತಿ ರಾಹೇಲವ್ವ. ಮಕ್ಕಳಾಗಲಿಲ್ಲ. ರವಿವಾರ ಬೆಳಿಗ್ಗೆ ಏಳರ ಬಸ್ಸಿಗೆ ಇಬ್ಬರೂ ಮಡಿಕೆ ಮುರಿಯದ ಬಟ್ಟೆ ಉಟ್ಟು ರಸ್ತೆಯಂಚಿನಲ್ಲಿ ನಿಂತಿರುತ್ತಿದ್ದರು. ಅವರು ಹೋಗುತ್ತಿದ್ದ ರೋಣದ ಚರ್ಚು ದೊಡ್ಡದೇನಲ್ಲ, ನಲವತ್ತು ಜನ ಕೂತರೆ ತುಂಬುವ ಹಂಚಿನ ಕಟ್ಟಡ. ರಾಹೇಲವ್ವನದು ಗಟ್ಟಿ ಕಂಠ. ಅವಳು ಹಾಡು ಎತ್ತಿಕೊಂಡಳೆಂದರೆ ಉಳಿದವರಿಗೆ ಧೈರ್ಯ ಬರುತ್ತಿತ್ತು. ಊರಿನವರಿಗೆ ಅವಳ ದೇವರ ವಿಷಯ ಅಷ್ಟಾಗಿ ತಿಳಿಯದು. ಆದರೆ ಅವಳು ಒಂದು ರವಿವಾರವನ್ನೂ ತಪ್ಪಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಸ್ಸಿನ ಕಂಡಕ್ಟರನಿಗೂ ಗೊತ್ತಿತ್ತು.

ಊರ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅವಳೇ ಮುಖ್ಯ ಅಡುಗೆಯವಳು. ಕೈಕೆಳಗೆ ಸಹಾಯಕ್ಕೆ ರಮಜಾನಬಿ ಇದ್ದಳು. ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಗಂಡನನ್ನು ಕಳೆದುಕೊಂಡು ಮಾವ ಫಕ್ರುಸಾಬನ ಮನೆಯಲ್ಲೇ ಉಳಿದವಳು. ‘ರಾಹೇಲಕ್ಕಾ’ ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಹನ್ನೆರಡು ವರ್ಷಗಳ ಹಿಂದೆ, ಕಡಲೆ ಬಿತ್ತನೆಯ ದಿನಗಳಲ್ಲಿ, ಒಂದು ಮಂಗಳವಾರ ಅದು ನಡೆಯಿತು. ಕುದಿಯುವ ಸಾರಿನ ಅಗಲಬಾಯಿಯ ಡಬರಿಯನ್ನು ಒಲೆಯಿಂದ ಇಳಿಸಿ ಒಳಗಿನ ಕಟ್ಟೆಯ ಮೇಲೆ ಇಡುವುದು ಪದ್ಧತಿ. ಅದಕ್ಕೆ ಇಬ್ಬರು ಬೇಕು. ರಮಜಾನಬಿ ಹಿತ್ತಲಲ್ಲಿ ತಾಟು ತೊಳೆಯುತ್ತಿದ್ದಳು. ಹೊರಗೆ ಕೊತ್ತಂಬರಿ ಮಾರುವವನು ಕೂಗಿದ. ಅವನು ಮುಂದೆ ಹೋಗಿಬಿಟ್ಟಾನು ಎಂದು ರಾಹೇಲವ್ವ ಒಬ್ಬಳೇ ಡಬರಿಯನ್ನು ಅರಿವೆ ಹಿಡಿದು ಎಳೆದು ತಂದು, ಅಡುಗೆಮನೆಯ ಬಾಗಿಲಲ್ಲಿ ಬಿಟ್ಟು ಹೊರಗೆ ಹೋದಳು. ಎರಡು ಕಟ್ಟು ಕೊತ್ತಂಬರಿ ಆರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗರು ನುಗ್ಗಿದರು. ಎರಡನೇ ಇಯತ್ತೆಯ ನಿರ್ಮಲಾ, ಅಂದಾನೆಪ್ಪನ ಮಗಳು, ಹಿಂದಿನವರ ನೂಕಾಟಕ್ಕೆ ಮುಗ್ಗರಿಸಿದಳು. ಅವಳ ಬಲಗೈ ಮೊಣಕೈತನಕ ಸಾರಿನಲ್ಲಿ ಮುಳುಗಿತು.

ಚೀರಿದ ಸದ್ದಿಗೆ ಮೊದಲು ಓಡಿಬಂದವಳು ರಮಜಾನಬಿ. ಕೊಡದ ನೀರನ್ನೆಲ್ಲ ಆ ಕೈಮೇಲೆ ಸುರಿದಳು. ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿ, ಒಂದು ಟಂಟಂ ಆಟೋ ನಿಲ್ಲಿಸಿ, ನರೇಗಲ್ಲಿನ ದವಾಖಾನೆಗೆ ಹೋದಳು.

ಶಾಲೆಯ ಅಂಗಳದಲ್ಲಿ ಜನ ಸೇರಿತು. ಹೆಡ್ ಮಾಸ್ತರರು ಕೇಳಿದರು, “ಬಾಗಲ್ದಾಗ ಡಬರಿ ಇಟ್ಟಾಕಿ ಯಾರು?”

ರಾಹೇಲವ್ವನ ಕೈಯಲ್ಲಿ ಇನ್ನೂ ಕೊತ್ತಂಬರಿ ಇತ್ತು. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಬೇರೆ ಮಾತು ಬರುತ್ತಿತ್ತೇನೋ. “ರಮಜಾನಬಿ ಇಟ್ಟಿದ್ಳ್ರಿ, ಸರ್,” ಎಂದಳು.

ಸಂಜೆ ರಮಜಾನಬಿ ಸೀರೆ ತುಂಬ ಸಾರಿನ ಕಲೆ ಹೊತ್ತು ತಿರುಗಿ ಬಂದಾಗ ನಿರ್ಣಯ ಆಗಿಹೋಗಿತ್ತು. ಅವಳು ಅಲ್ಲಾನ ಮೇಲೆ ಆಣೆಯಿಟ್ಟು, ತಾನು ಡಬರಿ ಮುಟ್ಟಿಯೇ ಇಲ್ಲ ಎಂದಳು. ರಾಹೇಲವ್ವನ ಕಡೆ ತಿರುಗಿ “ಅಕ್ಕಾ, ಹೇಳ” ಎಂದಳು. ರಾಹೇಲವ್ವ ನೆಲ ನೋಡುತ್ತ ನಿಂತಳು. ಆಗ ಹೆಡ್ ಮಾಸ್ತರರು ಎಲ್ಲರಿಗೂ ಕೇಳುವಂತೆ ಅಂದರು: “ಪ್ರತಿ ರವಿವಾರ ದೇವರ ಮುಂದ ಕುಂದ್ರಾಕಿ, ಆಕಿ ಸುಳ್ಳ ಹೇಳ್ತಾಳೇನು?” ಹೌದೆಂದು ತಲೆಗಳು ಆಡಿದವು. ರಮಜಾನಬಿಯ ಕೆಲಸ ಹೋಯಿತು.

ಮುಂದಿನ ತಿಂಗಳ ಮೊದಲ ರವಿವಾರ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಮುರಿದು ತಿನ್ನುವ ವಿಧಿ. ತಪ್ಪನ್ನು ಬಚ್ಚಿಟ್ಟುಕೊಂಡವರು ಅದನ್ನು ತಿನ್ನಬಾರದು. ರೊಟ್ಟಿಯ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ರಾಹೇಲವ್ವ ಅದನ್ನು ತೆಗೆದುಕೊಂಡು, ತಾನು ಮುರಿಯದೆ, ಪಕ್ಕದವಳಿಗೆ ದಾಟಿಸಿದಳು. ಯಾರೂ ಗಮನಿಸಲಿಲ್ಲ. ಅವಳಿಗೆ ಮಾತ್ರ, ತಾನು ಇಲ್ಲಿ ಬಂದು ಕೂತ ಒಂದೊಂದು ರವಿವಾರವೂ ಆ ಸುಳ್ಳಿಗೆ ಸಾಕ್ಷಿಯಾಗಿ ಎದ್ದು ನಿಂತಂತೆ ಕಂಡಿತು. ದೇವರ ಹೆಸರನ್ನು ಅವಳು ಬಾಯಿಂದ ಆಡಿರಲಿಲ್ಲ, ಖರೆ. ಆದರೆ ಆ ಹೆಸರಿನ ಬಲದ ಮೇಲೆಯೇ ಜನ ನಂಬಿದ್ದರು.

ಅದರ ಮುಂದಿನ ರವಿವಾರ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ಮೊಣಕಾಲು ಮತ್ತೆ ವಾಸಿಯಾಗಲಿಲ್ಲ. ದೇವದಾನಪ್ಪ ಒಬ್ಬನೇ ಬಸ್ಸಿಗೆ ನಿಂತ. ಮೊದಮೊದಲು ಸಂಜೆಯ ಪ್ರಾರ್ಥನೆಗೆ ಅವನ ಪಕ್ಕದಲ್ಲಿ ಕೂಡುತ್ತಿದ್ದಳು, ಬರಬರುತ್ತ ಅದೂ ನಿಂತಿತು. ಊಟದ ಮುಂದೆ ಕಣ್ಣು ಮುಚ್ಚುವುದು ನಿಂತಿತು. ಹಾಡಂತೂ ಗಂಟಲಿಂದ ಮಾಯವಾಯಿತು. ಚರ್ಚಿನ ಪಾದ್ರಿ, ಸಭಾಪಾಲಕರು, ಮನೆತನಕ ಬಂದಾಗ “ದೇವ್ರು ಅವನ ಪಾಡಿಗೆ ಅವ ಇರ್ಲಿ, ನನ್ನ ಪಾಡಿಗೆ ನಾ ಇರ್ತೀನ್ರಿ” ಎಂದು ಚಹದ ಕಪ್ಪು ಮುಂದಿಟ್ಟು ಒಳಗೆ ಹೋದಳು. ನೆರೆಯವರು ಕರೆದರೆ ಇಟಗಿಯ ಭೀಮಾಂಬಿಕೆಯ ಗುಡಿಗೂ ಹೋಗಿಬಂದಳು, ದರ್ಗಾದ ಉರುಸಿಗೂ ಹೋಗಿಬಂದಳು. ಎಲ್ಲಿಯೂ ಏನನ್ನೂ ಬೇಡಲಿಲ್ಲ. ಬೇಡಲು ಬಾಯಿ ಇಲ್ಲದವಳಂತೆ ಗುಂಪಿನ ಹಿಂದೆ ನಿಂತು ತಿರುಗಿದಳು. ಶಾಲೆಯಲ್ಲಿ ಮಾತ್ರ ದಿನವೂ ಅದೇ ಬಾಗಿಲು ದಾಟಿ ಒಲೆ ಹಚ್ಚುತ್ತಿದ್ದಳು. ರಮಜಾನಬಿ ಊರಲ್ಲಿ ತಲೆಯೆತ್ತಲಾರದೆ ಗಜೇಂದ್ರಗಡದ ತವರಿಗೆ ಹೋಗಿಬಿಟ್ಟಳೆಂದು ಕೇಳಿದ್ದಳು. ಆ ಕಡೆಯ ಬಸ್ಸನ್ನು ರಾಹೇಲವ್ವ ಹತ್ತಲೇ ಇಲ್ಲ.

ಈ ವರ್ಷ ಬೇಸಿಗೆಯಲ್ಲಿ ತಲೆ ತಿರುಗಿ ಬಿದ್ದಳು. ದೇವದಾನಪ್ಪ ರೋಣದ ದವಾಖಾನೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಲು ಸಾಲಿನಲ್ಲಿ ನಿಂತ. ರಕ್ತದೊತ್ತಡ ನೋಡಲು ಬಂದವಳು ನಿರ್ಮಲಾ. ನರ್ಸಿಂಗ್ ಕಲಿಯುತ್ತಿದ್ದವಳು ಅಭ್ಯಾಸಕ್ಕೆಂದು ಅಲ್ಲಿಗೆ ಬಂದಿದ್ದಳು. ಊರಲ್ಲಿ ಈ ಹುಡುಗಿ ದೂರದಲ್ಲಿ ಕಂಡರೂ ರಾಹೇಲವ್ವ ಓಣಿ ಬದಲಿಸುತ್ತಿದ್ದಳು. ಈಗ ತೋಳಿಗೆ ಪಟ್ಟಿ ಕಟ್ಟಿಯಾಗಿತ್ತು, ಏಳುವ ಹಾಗಿರಲಿಲ್ಲ. ಪಟ್ಟಿ ಕಟ್ಟಿದ ನಿರ್ಮಲಾಳ ಬಲಗೈಯ ಚರ್ಮ ಮಣಿಕಟ್ಟಿನಿಂದ ಮೊಣಕೈತನಕ ಸುಕ್ಕುಗಟ್ಟಿ ಮಿಂಚುತ್ತಿತ್ತು.

“ಅಮ್ಮಾರ, ಒಂದ್ ಮಾತ ಕೇಳ್ಲೇನ್ರಿ?” ಎಂದಳು ನಿರ್ಮಲಾ. “ರಮಜಾನಬಿ ಅಂತ ಇದ್ರಲ್ರಿ, ಅವ್ರು ಈಗ ಎಲ್ಲಿ ಅದಾರ?”

“ಯಾಕವ್ವಾ?”

“ನಮ್ಮವ್ವ ಇನ್ನೂ ಆಕಿಗೆ ಶಾಪಾ ಹಾಕ್ತಾಳ್ರಿ. ಆದ್ರ ನಂಗ ನೆನಪಿರೋದ ಬ್ಯಾರೆ. ಟಂಟಂದಾಗ ತನ್ನ ತೊಡಿ ಮ್ಯಾಲ ಮಲಗಿಸ್ಕೊಂಡು, ದಾರಿ ತುಂಬ ನನ್ನ ಕೈಗೆ ಊದ್ಕೋತ ಬಂದ್ಳು. ಸುಟ್ಟ ಕೂಡ್ಲೇ ತಣ್ಣೀರು ಹಾಕ್ಬೇಕಂತ ನಮಗ ಈಗ ಕಲಸ್ತಾರ. ಆಕಿ ಅವತ್ತ ಹಾಕಿದ್ಳು. ಅದಕ್ಕ ನನ್ನ ಬೆರಳು ಉಳದಾವ ಅಂತ ನಮ್ ಮೇಡಂ ಅಂದ್ರು. ಅಂಥಾಕಿ ಬಾಗಲ್ದಾಗ ಡಬರಿ ಇಟ್ಟು ಹ್ಯಾಂಗ ಹೋದ್ಳು ಅನ್ನೋದು ನಂಗ ಇನ್ನೂ ತಿಳಿವಲ್ದ್ರಿ.”

ರಾಹೇಲವ್ವ ಆ ಕೈಯಿಂದ ಕಣ್ಣು ತೆಗೆದು ಗೋಡೆಯ ಕಡೆ ತಿರುಗಿದಳು. ನಿರ್ಮಲಾ ಎರಡು ಸಲ ಅಳತೆ ನೋಡಿ, ಒತ್ತಡ ಭಾಳ ಐತ್ರಿ ಎಂದು ಬರೆದುಕೊಂಡು ಹೋದಳು.

ಮಧ್ಯಾಹ್ನ ಮನೆಗೆ ಬಂದು, ಗುಳಿಗೆಯ ಪೊಟ್ಟಣ ಬಿಚ್ಚುವ ಮೊದಲೇ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಅದೇ ಅವಳಿಗೆ ಅಚ್ಚರಿ. ದೇವದಾನಪ್ಪ ಗೋಡೆಗೆ ಒರಗಿ ಕೂತ. ಕೂತಲ್ಲಿಂದಲೇ ಅಂದ:

“ಹನ್ನೆರ್ಡು ವರ್ಷ ಸಭಾದಾಗ ನಿನ್ನ ಮೊಣಕಾಲಿಗೆ ಪ್ರಾರ್ಥನಿ ಮಾಡ್ಸೇನಿ.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಮಾತಿಗೆ ಅವಳು ನೆಲದ ಮೇಲೆ ಬಾಗಿ ಅತ್ತಳು. ಅಳು ನಿಂತ ಮೇಲೆ ದೇವರಿಗೆ ಏನಾದರೂ ಹೇಳಬೇಕೆಂದುಕೊಂಡಳು. ಮಾತು ಬರಲಿಲ್ಲ. ಮೊದಲು ಹೋಗಬೇಕಾದ ಬಾಗಿಲು ಬೇರೆಯಿದೆ ಎಂದು ಅವಳಿಗೆ ತಿಳಿದಿತ್ತು.

ನಾಳೆ ಗಜೇಂದ್ರಗಡಕ್ಕೆ ಹೋಗುತ್ತೇನೆ ಎಂದಾಗ, “ನಾ ಬರ್ಲೇನು?” ಎಂದ ದೇವದಾನಪ್ಪ.

“ಬ್ಯಾಡ್ರಿ. ಅವತ್ತ ಸುಳ್ಳ ಹೇಳೂವಾಗ ನಾ ಒಬ್ಬಾಕೇ ಇದ್ದೆ.”

ಮರುದಿನ ಗಜೇಂದ್ರಗಡದಲ್ಲಿ ಇಳಿದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಂತೇ ಇದ್ದವು, ಒಂದೆಲೆಯೂ ಅಲ್ಲಾಡದ ಸೆಕೆ. ಕೇಳುತ್ತ ಕೇಳುತ್ತ ಮನೆ ಹುಡುಕಿದಳು. ರಮಜಾನಬಿ ಜಗಲಿಯ ಮೇಲೆ ಕೂತು, ಮಗ್ಗದವರಿಗೆ ಕೊಡುವ ನೂಲು ಸುತ್ತುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನೋಡಿದಳು. ಕೈ ನಿಲ್ಲಿಸಲಿಲ್ಲ.

“ರಮಜಾನಬಿ, ಡಬರಿ ಇಟ್ಟಾಕಿ ನಾನ,” ಎಂದಳು ರಾಹೇಲವ್ವ, ನಿಂತಲ್ಲಿಂದಲೇ.

“ನಂಗ ಇದನ್ನ ಹೇಳಾಕ ಇಷ್ಟು ದೂರ ಬಂದ್ಯಾ?” ರಮಜಾನಬಿಯ ದನಿ ಏರಲಿಲ್ಲ. “ನಾ ಇಟ್ಟಿಲ್ಲ ಅನ್ನೋದು ನಂಗ ಗೊತ್ತಿಲ್ಲೇನು? ನಮ್ಮ ಮಾವ ಜನರ ಮಾರಿ ನೋಡಾಕ ಆಗ್ದ ಮಸೂತಿಗೆ ಹೋಗೋದು ಬಿಟ್ರು. ‘ನನ್ನ ಸೊಸಿ ಕೂಸಿನ ಕೈ ಸುಟ್ಲು’ ಅಂದ್ಕೋತನ ತೀರ್ಕೊಂಡ್ರು. ಅವ್ರಿಗೆ ಹೋಗಿ ಹೇಳ್ತಿಯೇನು?”

ರಾಹೇಲವ್ವ ಕೈ ಮುಗಿದಳು.

“ಮುಗೀಬ್ಯಾಡ. ಗೊತ್ತಿದ್ದಾಕಿ ಮುಂದ ಹೇಳಿದ್ರ ಏನ್ ಬಂತು? ಗೊತ್ತಿಲ್ದವ್ರಿಗೆ ಹೇಳು. ಆ ಊರಾಗ ಹೇಳು.” ಆಮೇಲೆ ಒಳಗೆ ಹೋಗಿ ಒಂದು ಚರಿಗೆ ನೀರು ತಂದಿಟ್ಟಳು. “ಕುಡದು ಹೋಗು. ಬಿಸಲಾಗ ಬಂದಿ.”

ರಾಹೇಲವ್ವ ಕುಡಿದು ಎದ್ದಳು. ಕ್ಷಮಿಸಿದೆ ಎಂಬ ಮಾತು ಬರಲಿಲ್ಲ, ಅವಳೂ ಕೇಳಲಿಲ್ಲ.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅಂದಾನೆಪ್ಪನ ಮನೆಗೆ ನಡೆದಳು. ನಿರ್ಮಲಾಳ ತಾಯಿ ಶೇಖವ್ವ ಜೋಳ ಹಸನು ಮಾಡುತ್ತಿದ್ದಳು. ಕೇಳಿದವಳೇ ಮೊರವನ್ನು ಬೀಸಿ ಒಗೆದಳು. ಜೋಳ ಅಂಗಳದ ತುಂಬ ಚೆಲ್ಲಿತು. “ಹನ್ನೆರ್ಡು ವರ್ಷ ತಪ್ಪಿಲ್ದಾಕಿಗೆ ನನ್ನ ಬಾಯಿಂದ ಶಾಪಾ ಹಾಕ್ಸಿದೆಲ್ಲಾ! ನಿನ್ನ ದೇವ್ರು ಇದನ್ನ ಕಲಿಸ್ಯಾನೇನು?” ಓಣಿಯ ಹೆಂಗಸರು ಬಾಗಿಲಿಗೆ ಬಂದರು. ರಾಹೇಲವ್ವ ಅವರ ಕಡೆಯೂ ತಿರುಗಿ, ಅದನ್ನೇ ಇನ್ನೊಮ್ಮೆ ಹೇಳಿದಳು. “ನಮ್ಮ ದೇವ್ರು ಕಲಿಸಿದ್ದಲ್ಲ ಯವ್ವಾ. ನಾ ಅವನ ಹೆಸರು ಕೆಡಿಸೀನಿ,” ಎಂದಳು. ನಿರ್ಮಲಾ ಒಳಗಿನ ಕತ್ತಲೆಯಲ್ಲಿ ನಿಂತು ಕೇಳುತ್ತಿದ್ದಳು. ತನ್ನ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಸವರಿಕೊಂಡಳು.

ಶಾಲೆಯ ಹಳೆಯ ಹೆಡ್ ಮಾಸ್ತರರು ನಿವೃತ್ತರಾಗಿದ್ದರು. ಹೊಸಬರು “ಆದದ್ದು ಆತು, ಈಗ್ಯಾಕ ಕೆದರ್ತೀರಿ?” ಎಂದರು. ರಾಹೇಲವ್ವ ಒಪ್ಪದೆ, ಗಂಡನಿಂದ ಬರೆಸಿದ ಕಾಗದವನ್ನು ಶಾಲೆಯ ಸಮಿತಿಯ ಮುಂದೆ ಇಟ್ಟು ಹೆಬ್ಬೆಟ್ಟು ಒತ್ತಿದಳು. ಹೊಸ ವರ್ಷದ ಶಾಲೆ ಶುರುವಾಗುವಾಗ ಅವಳ ಜಾಗಕ್ಕೆ ಬೇರೆಯವರು ಬಂದರು. ಅದು ಸರಿ ಎಂದೇ ಅವಳಿಗೂ ಅನ್ನಿಸಿತು.

ಜೂನ್ ತಿಂಗಳ ಮೊದಲ ರವಿವಾರ ಏಳರ ಬಸ್ಸಿಗೆ ಇಬ್ಬರು ನಿಂತರು. ಚರ್ಚಿನಲ್ಲಿ ಹೊಸ ಸಭಾಪಾಲಕರು, ಇನ್ನೂ ಮೂವತ್ತು ದಾಟದವರು, ಬಾಗಿಲಲ್ಲಿ ಕೈ ಕುಲುಕಿ ಕೇಳಿದರು, “ಅಮ್ಮಾರು ಹೊಸದಾಗಿ ಬರಾಕ್ಹತ್ತೀರೇನ್ರಿ?”

“ಇಲ್ರಿ ಅಯ್ನೋರ. ನಾ ಹಳೇಕಿ. ನಡುವ ಇದ್ದಿದ್ದಿಲ್ಲ.” ಹಾಗೆಂದು ಅವಳು ಸಭೆಯ ಮುಂದೆ ಒಂದು ಮಾತು ಹೇಳಲು ಅಪ್ಪಣೆ ಕೇಳಿದಳು. ಅವರು ಅವಳ ಮುಖ ನೋಡಿ, ಆಗಲಿ ಎಂದರು.

ಕರ್ತನ ಭೋಜನಕ್ಕೆ ಮೊದಲು ಅವಳು ಸಭೆಯ ಮುಂದೆ ನಿಂತಳು. “ನೀವೆಲ್ಲಾ ನನ್ನ ಮೊಣಕಾಲಿಗೆ ಪ್ರಾರ್ಥನಿ ಮಾಡೀರಿ. ನನ್ನ ಮೊಣಕಾಲಿಗೆ ಏನೂ ಆಗಿರ್ಲಿಲ್ರಿ,” ಎಂದು ಶುರುಮಾಡಿದಳು. ಡಬರಿಯ ಮಾತು ಹೇಳಿದಳು. ತಾನು ರವಿವಾರ ತಪ್ಪಿಸದವಳೆಂಬ ನಂಬಿಕೆಯ ಮೇಲೆಯೇ ಒಬ್ಬ ನಿರಪರಾಧಿಯ ಬಾಯಿ ಮುಚ್ಚಿಸಿದ್ದನ್ನು ಹೇಳಿದಳು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಸೆರಗು ಬಾಯಿಗೆ ಹಿಡಿದಳು. ಹಿಂದಿನಿಂದ ಒಬ್ಬ ಹಿರಿಯ ಎದ್ದು ಹೊರಗೆ ಹೋದ, ತಿರುಗಿ ಬರಲಿಲ್ಲ. ದೇವದಾನಪ್ಪ ಮಾತ್ರ ಅವಳನ್ನೇ ನೋಡುತ್ತಿದ್ದ.

ತಟ್ಟೆ ಸಾಲಿಗೆ ಬಂದಾಗ ಅವಳು ಒಂದು ಚೂರು ಮುರಿದುಕೊಂಡಳು. ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನುಂಗದೆ ಕೂತಳು. ಮನಸ್ಸು ಹಗುರಾಯಿತು ಎಂದು ಹೇಳುವಂತಿರಲಿಲ್ಲ. ಭಾರ ಅಲ್ಲೇ ಇತ್ತು, ಆದರೆ ಅದನ್ನು ಬಚ್ಚಿಡುವ ಕೆಲಸ ಮುಗಿದಿತ್ತು. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ, ತನ್ನ ಮಾತು ಕೇಳುವವನೊಬ್ಬ ಇದ್ದಾನೆಂದು ಅವಳಿಗೆ ಅನ್ನಿಸಿತು. “ಸ್ವಾಮೀ, ಬಂದೀನಿ” ಎಂದಳು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ.

ಈಗ ಅವಳು ಮನೆಯಲ್ಲೇ ರೊಟ್ಟಿ ಬಡಿದು ರೋಣದ ಖಾನಾವಳಿಗೆ ಕಳಿಸುತ್ತಾಳೆ. ಶೇಖವ್ವ ಇನ್ನೂ ಮಾತಾಡಿಸುವುದಿಲ್ಲ. ಆದರೆ ಅವಳೂ ಅಂದಾನೆಪ್ಪನೂ ಮಗಳನ್ನು ಕರೆದುಕೊಂಡು ಗಜೇಂದ್ರಗಡಕ್ಕೆ ಹೋಗಿಬಂದದ್ದನ್ನು ನಿರ್ಮಲಾಳೇ ಒಂದು ದಿನ ಬಂದು ಹೇಳಿದಳು. ರಮಜಾನಬಿ ಆ ಕೈಯನ್ನು ಹಿಡಿದು ನೋಡಿದಳಂತೆ, ಬೆರಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದಳಂತೆ, ಆಮೇಲೆ ತಡೆಯದೆ ಅತ್ತಳಂತೆ.

“ನನ್ನ ಸುದ್ದಿ ಏನರ ಬಂತೇನವ್ವಾ?” ಎಂದು ಕೇಳಿದಳು ರಾಹೇಲವ್ವ.

“ಇಲ್ರಿ, ಅಮ್ಮಾರ.”

ರಾಹೇಲವ್ವ ತಲೆಯಾಡಿಸಿದಳು. ದವಾಖಾನೆಗೆ ಹೊರಟಿದ್ದ ಹುಡುಗಿಗೆ ಎರಡು ಬಿಸಿ ರೊಟ್ಟಿ ಕಟ್ಟಿಕೊಟ್ಟು, ರಸ್ತೆತನಕ ಹೋಗಿ ಬಸ್ಸು ಹತ್ತಿಸಿ ಬಂದಳು.