ಕೊಕ್ಕರೆ ಮರಿಯ ಮುಂದೆ ಮಾತಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಯಂಚಿನಲ್ಲಿ ಬಲೆ ಹೊದಿಸಿದ ದೊಡ್ಡ ಗೂಡಿನ ಬಾಗಿಲಲ್ಲಿ ಮಹಿಳೆಯೊಬ್ಬರು ಬೂದುಬಣ್ಣದ ನಿಲುವಂಗಿ ತೊಡುತ್ತಾರೆ. ಮುಖವೂ ಮುಚ್ಚಿಹೋಗುತ್ತದೆ. ಬಲಗೈಗೆ ಕೊಕ್ಕರೆ ತಲೆಯ ಬೊಂಬೆ ಸಿಕ್ಕಿಸಿ, ಅದರ ಕೊಕ್ಕಿಗೆ ಮೀನು ಕಚ್ಚಿಸಿ ಒಳಹೋಗುತ್ತಾರೆ. ಮರಿ ಓಡಿಬಂದು ಗಬಕ್ಕನೆ ನುಂಗುತ್ತದೆ. ಇವರದು ಒಂದು ಸೊಲ್ಲಿಲ್ಲ. ಕೆಮ್ಮು ಬಂದರೂ ಹೊರಗೋಡಿ ಕೆಮ್ಮಬೇಕು.

ಅಳಿವಿನಂಚಿನ ಈ ಕೊಕ್ಕರೆಗಳನ್ನು ರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಸಂಘ ಮೊಟ್ಟೆಯಿಂದ ಬೆಳೆಸಿ ಕೆರೆಗೆ ಬಿಡುತ್ತದೆ. ಸಂಘದ ಕ್ಯಾಲೆಂಡರಿನಲ್ಲಿ ಹಕ್ಕಿಗಳಿವೆ, ಅಧ್ಯಕ್ಷರೂ ಇದ್ದಾರೆ. ಹನ್ನೆರಡು ವರ್ಷದಿಂದ ಮರಿ ಸಾಕುತ್ತಿರುವ ಇವರಿಲ್ಲ. ಇದ್ದರೂ ಕಾಣುತ್ತಿದ್ದುದು ಬರೀ ನಿಲುವಂಗಿ, ಬಿಡಿ.

"ನಮ್ಮ ಮುಖ, ದನಿ ಅಭ್ಯಾಸ ಆದ್ರೆ ಮುಗೀತು. ಯಾರು ಕರೆದ್ರೂ ಹೋಗ್ಬಿಡ್ತವೆ. ಎಲ್ಲರೂ ಮೀನು ಕೊಡೋಕೇ ಕರೀತಾರಾ?" ಎನ್ನುತ್ತಾರೆ.

ಜೊತೆಯವರು ಇವರನ್ನು ಮೌನಗೌರಿ ಎಂದು ರೇಗಿಸುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಅದನ್ನು ಒಪ್ಪುವುದಿಲ್ಲ. "ಅಲ್ಲಿ ನುಂಗ್ಕೊಂಡಿದ್ದನ್ನೆಲ್ಲ ಸಂಜೆ ನನ್ನ ತಲೆ ಮೇಲೆ ಸುರೀತಾಳೆ ರೀ. ಮರಿಗಿರೋ ಪುಣ್ಯ ನನಗಿಲ್ಲ!"

ಆ ಬಾಯಿ ಒಮ್ಮೆ ಕೈಕೊಟ್ಟಿದೆ. ಹೋದ ವರ್ಷ ಜ್ವರ ಬಂದ ಮರಿಯೊಂದು ಕತ್ತು ಎತ್ತಲಾರದೆ ಮಲಗಿತ್ತು. ಇವರಿಗೆ ಕರುಳು ಚುರುಕ್ ಎಂದಿತು. "ಒಂದು ಗುಟುಕು ಕುಡಿಯೋ ಕಂದಾ ಅಂದ್ಬಿಟ್ಟೆ. ಒಂದಿನ ಅಲ್ಲ, ವಾಸಿಯಾಗೋವರೆಗೂ ಮಾತಾಡಿಸ್ದೆ. ಬದುಕ್ತು." ಆದರೆ ಕೆರೆಗೆ ಬಿಟ್ಟ ವಾರದಲ್ಲೇ ಅದು ಮೀನುಗಾರರ ದೋಣಿಯೇರಿ ಅವರ ಕಾಲ ಬಳಿ ಕೂತಿತ್ತು. ಒಳ್ಳೆಯವರು, ತಂದುಕೊಟ್ಟರು. ಇನ್ನು ಅದರ ಆಯುಷ್ಯವೆಲ್ಲ ಪಂಜರದಲ್ಲೇ. ಇವರು ಹಾದುಹೋದರೆ ಸಾಕು, ಸಂಭ್ರಮದಿಂದ ರೆಕ್ಕೆ ಬಡಿಯುತ್ತದೆ. ಇವರು ತಲೆ ತಗ್ಗಿಸಿಕೊಂಡು ನಡೆಯುತ್ತಾರೆ.

ಈ ವರ್ಷದ ಮರಿಗೆ ಇವತ್ತು ಪರೀಕ್ಷೆ. ಸಾಕಿದವರೇ ನಿಲುವಂಗಿಯಿಲ್ಲದೆ, ಮಾತಾಡುತ್ತ ಗೂಡಿನೊಳಗೆ ಹೋಗಬೇಕು. ಹೆದರಿ ಓಡಿದರೆ ನಾಳೆ ಬಿಡುಗಡೆ. ಹತ್ತಿರ ಬಂದರೆ ಇದಕ್ಕೂ ಪಂಜರವೇ ಗತಿ ಎಂದು ಸಂಘದ ವೈದ್ಯೆ ಮೊದಲೇ ಹೇಳಿದ್ದಾರೆ.

"ರಾತ್ರಿ ನಿದ್ದೆ ಹತ್ತಲಿಲ್ಲ. ನಿದ್ದೆಗಣ್ಣಲ್ಲಿ ಇದರ ಮುಂದೆನೂ ಏನಾದ್ರೂ ಅಂದಿದ್ನೇನೋ ಅಂತ," ಎನ್ನುತ್ತ ನಿಲುವಂಗಿ ಕಳಚಿ ನನ್ನ ಕೈಗೆ ಕೊಡುತ್ತಾರೆ.

ಬಾಗಿಲು ತೆರೆಯುತ್ತದೆ. "ಬಾರೋ ಕಂದಾ," ಎಂದು ಕರೆಯುತ್ತಾರೆ. ಮರಿ ಕತ್ತು ನಿಮಿರಿಸಿ ನೋಡುತ್ತದೆ. ಒಂದು ಹೆಜ್ಜೆ ಮುಂದಿಡುತ್ತದೆ. ಇನ್ನೊಮ್ಮೆ ಕರೆದದ್ದೇ ತಡ, ಕಿರುಚಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿ ಆಚೆ ಮೂಲೆಯ ಜೊಂಡಿನಲ್ಲಿ ಅವಿತುಕೊಳ್ಳುತ್ತದೆ.

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದವರು ನನ್ನ ತೋಳು ಹಿಡಿದು ಅಲ್ಲಾಡಿಸುತ್ತಾರೆ.

"ನೋಡಿದ್ರಾ? ನಾನು ಯಾರು ಅಂತ್ಲೇ ಗೊತ್ತಿಲ್ಲ ಅದಕ್ಕೆ!"